ನೀಲಿ ಕೈಗಳು ಕಾರಿಡಾರಿಗೆ ಬರಬಾರದೆಂಬ ಬಗ್ಗೆ

ಸಂಖ್ಯೆ: ಪ್ರಯೋಗ/ಬಣ್ಣ/ನೀಲಿ/7-ಅ

ವಿಷಯ: ವೀರ್ಯಾಣು ಕ್ರೊಮಾಟಿನ್‌ನ ಗುಣಮಟ್ಟ ತಿಳಿಯುವ ಬಣ್ಣವನ್ನು ಸತ್ಯ ಹೇಳಲು ಬಳಸಿಕೊಂಡಿರುವ ಬಗ್ಗೆ.

ಉಲ್ಲೇಖ: 1. ಕಾವಲುಗಾರರ ಮೌಖಿಕ ವರದಿ. 2. ಬಾಗಿಲಿನ ಮೇಲಿನ ಹಸ್ತದ ಗುರುತು (ಒರೆಸಿದರೂ ಹೋಗದಿರುವುದು).

ವೀರ್ಯಾಣುವಿನ ತಲೆಯೊಳಗೆ ವಂಶದ ನೂಲು, ಅಂದರೆ ಕ್ರೊಮಾಟಿನ್, ಬಿಗಿಯಾಗಿ ಸುತ್ತಿಕೊಂಡಿದ್ದರೆ ಅದು ಅನಿಲೀನ್ ನೀಲಿ ಎಂಬ ಬಣ್ಣವನ್ನು ಹೀರುವುದಿಲ್ಲ. ಸಡಿಲವಾಗಿದ್ದರೆ ಹೀರಿ ಕಡುನೀಲಿಯಾಗುತ್ತದೆ; ನೀಲಿಯಾದವು ಹೆಚ್ಚಿದ್ದರೆ ಮಕ್ಕಳಾಗುವುದು ಕಷ್ಟ. ಸೂಕ್ಷ್ಮದರ್ಶಕದ ಬಳಿಯೇ ಉಳಿಯಬೇಕಾಗಿದ್ದ ಈ ಸಂಗತಿ ಈಗ ಕಾಯುವ ಬೆಂಚಿನವರೆಗೂ ತಲುಪಿದೆ. ತಂತ್ರಜ್ಞರ ಬೆರಳು ನೀಲಿಯಾಗಿ ಕಂಡರೆ ಸಾಕು, ಅತ್ತೆಯಂದಿರು "ಅಯ್ಯೋ, ಯಾರ ಮನೆ ದೀಪ ಆರಿತೋ!" ಎಂದು ಎದೆ ಬಡಿದುಕೊಳ್ಳುತ್ತಿದ್ದಾರೆ. ಆದ್ದರಿಂದ ಸಕಲರಿಗೂ ಕೆಳಕಂಡಂತೆ ಸೂಚಿಸಲಾಗಿದೆ:

1. ತಂತ್ರಜ್ಞರು ಕೈ ತೊಳೆದು ಹೊರಬರತಕ್ಕದ್ದು. ಬಣ್ಣ ಹೋಗದಿದ್ದಲ್ಲಿ ಕೈಗಳನ್ನು ಜೇಬಿನಲ್ಲಿಡತಕ್ಕದ್ದು. ಜೇಬಿಲ್ಲದವರು ಸಹೋದ್ಯೋಗಿಯ ಜೇಬಿಗಾಗಿ ಲಿಖಿತ ಕೋರಿಕೆ ಸಲ್ಲಿಸತಕ್ಕದ್ದು.

2. ಆಕ್ರಿಡಿನ್ ಆರೆಂಜ್ ಎಂಬ ಇನ್ನೊಂದು ಬಣ್ಣದ ವಿಧಾನದಲ್ಲಿ ಗಟ್ಟಿಯಾದ ವೀರ್ಯಾಣುಗಳು ಹಸಿರಾಗಿಯೂ ಹಾಳಾದವು ಕೆಂಪಾಗಿಯೂ ಹೊಳೆಯುತ್ತವೆ. ಈ ಬಣ್ಣಗಳು ರಸ್ತೆಯ ಸಿಗ್ನಲ್ಲಿಗೆ ಅನ್ವಯಿಸುವುದಿಲ್ಲ. ಕೆಂಪು ಕಂಡ ಗಂಡಂದಿರು ನಡುದಾರಿಯಲ್ಲಿ ನಿಂತು ಅಳುವುದರಿಂದ ಸಂಚಾರಕ್ಕೆ ಅಡ್ಡಿಯಾಗುತ್ತಿದೆ.

3. ವರದಿಯಲ್ಲಿ "ದೇವರಿಟ್ಟ ಹಾಗಾಗಲಿ" ಎಂದು ಬರೆಯುವುದನ್ನು ನಿಲ್ಲಿಸತಕ್ಕದ್ದು. ಇಲಾಖೆಯು ದೇವರ ಅಧೀನದಲ್ಲಿರುವುದು ನಿಜ. ಆದರೆ ಆತನ ಕಚೇರಿಗೆ ಬರೆದ ಯಾವ ಪತ್ರಕ್ಕೂ ಇದುವರೆಗೆ ಉತ್ತರ ಬಂದಿಲ್ಲ. ಜ್ಞಾಪನಗಳನ್ನು ಪ್ರತಿದಿನ ಬೆಳಿಗ್ಗೆ ಕಳಿಸಲಾಗುತ್ತಿದೆ.

4. ಮಕ್ಕಳಾಗದಿರುವ ತಪ್ಪು ಸೊಸೆಯದೇ ಎಂಬುದು ಮನೆಯಲ್ಲೇ ತೀರ್ಮಾನವಾಗಿ ಬಂದಿರುತ್ತದೆ. ಆ ತೀರ್ಮಾನಕ್ಕೆ ಯಾವ ಬಣ್ಣವೂ ಬೇಕಾಗಿರುವುದಿಲ್ಲ. ಆದ್ದರಿಂದ ಗಂಡನ ಸ್ಲೈಡಿಗೆ ನೀಲಿ ಹಾಕುವ ಮುನ್ನ, ನೀಲಿಯಾಗದಂತೆ ಸದರಿ ಸ್ಲೈಡಿಗೆ ಬುದ್ಧಿ ಹೇಳತಕ್ಕದ್ದು.

5. ಕಳೆದ ಸೋಮವಾರ ಬಸ್ ಚಾಲಕರೊಬ್ಬರು ತಮ್ಮ ಸ್ಲೈಡನ್ನು ತಾವೇ ನೋಡಬೇಕೆಂದು ಒಳಬಂದು, ನೋಡಿ, ತೆರೆದಿದ್ದ ಬಣ್ಣದ ಜಾಡಿಯಲ್ಲಿ ಎರಡೂ ಕೈ ಅದ್ದಿ, ಅದೇ ಕೈಯಿಂದ ಬಾಗಿಲು ತಳ್ಳಿ ಹೊರನಡೆದಿದ್ದಾರೆ (ಉಲ್ಲೇಖ 2). ಆಗ ಬೆಂಚಿನ ಮೇಲೆ ಅವರ ತಾಯಿ ಸೊಸೆಗೆ, "ನಾಳೆನೇ ತವರಿಗೆ ಹೊರಡಮ್ಮ. ನನ್ನ ಮಗನಿಗೆ ಬೇರೆ ಹುಡುಗಿ ನೋಡಿಯಾಗಿದೆ" ಎನ್ನುತ್ತಿದ್ದರು. ಚಾಲಕರು ಕೈಗಳನ್ನು ಮುಂದೆ ಚಾಚಿ, "ಅಮ್ಮಾ, ನೋಡಿಲ್ಲಿ. ನೀಲಿ ನಂದು. ಇವಳದ್ದೇನೂ ಇಲ್ಲ. ತವರಿಗೆ ಕಳಿಸಲೇಬೇಕು ಅಂದ್ರೆ ನನ್ನನ್ನು ಕಳಿಸು" ಎಂದಿರುತ್ತಾರೆ. ಸದರಿ ಹೇಳಿಕೆಗೆ ಪೂರ್ವಾನುಮತಿ ಪಡೆದಿರುವುದಿಲ್ಲ.

6. ಇನ್ನು ಮುಂದೆ ಸತ್ಯ ಹೇಳಬಯಸುವ ಗಂಡಂದಿರು ಒಂದು ವಾರ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಸ್ವಂತ ಕೈ ಬಳಸುವಂತಿಲ್ಲ.

7. ಕಾವಲುಗಾರರು ತಲುಪುವಷ್ಟರಲ್ಲಿ ತಾಯಿ "ಏನೋ ಇದು ಹುಚ್ಚಪ್ಪ, ಕೊಡೋ ಕೈ" ಎಂದು ಮಗನ ಕೈ ಒರೆಸಹೋಗಿ ತಾವೂ ನೀಲಿಯಾಗಿದ್ದರು. "ಬಿಡಿ ಅತ್ತೆ, ಕಲೆ ಹೋಗಲ್ಲ" ಎಂದು ಬಿಡಿಸಹೋದ ಸೊಸೆಯ ಕೈಗೂ ನೀಲಿ ಹತ್ತಿತು. ಮೂವರ ಕೈಯೂ ಒಂದೇ ಬಣ್ಣಕ್ಕೆ ಬಂದಿದ್ದರಿಂದ ದೋಷ ಯಾರದೆಂದು ಗುರುತಿಸಲು ಇಲಾಖೆಗೆ ಸಾಧ್ಯವಾಗಿಲ್ಲ. ಮೂವರೂ ಒಂದೇ ನಲ್ಲಿಯಲ್ಲಿ ಬಹಳ ಹೊತ್ತು ಕೈ ತೊಳೆದಿದ್ದು, ಪೋಲಾದ ನೀರಿನ ಬಗ್ಗೆ ಪ್ರತ್ಯೇಕ ವಿಚಾರಣೆ ನಡೆಯಲಿದೆ.

ಸಹಿ/-
ಅಧೀಕ್ಷಕರು, ಬಣ್ಣ ಪರೀಕ್ಷಾ ವಿಭಾಗ
(ಕೈ ಜೇಬಿನಲ್ಲಿರುವುದರಿಂದ ಮೊಹರು ಮಾತ್ರ)

ಪ್ರತಿಗಳು:
1. ಎಲ್ಲ ತಂತ್ರಜ್ಞರಿಗೆ, ಜೇಬಿನ ಮೂಲಕ.
2. ಎಲ್ಲ ಅತ್ತೆಯಂದಿರಿಗೆ, ಬೆಂಚಿನ ಮೂಲಕ.
3. ದೇವರಿಗೆ, ಮತ್ತೊಂದು ಜ್ಞಾಪನವಾಗಿ.
4. ಚಾಲಕರ ಪತ್ನಿಗೆ: ತವರಿನ ವಿಳಾಸಕ್ಕೆ ಕಳಿಸಿದ್ದ ನೋಟಿಸು "ಇಲ್ಲಿಗೆ ಬಂದಿಲ್ಲ, ತನ್ನ ಮನೆಯಲ್ಲಿದ್ದಾಳೆ" ಎಂಬ ಷರಾದೊಂದಿಗೆ ವಾಪಸಾಗಿರುವುದರಿಂದ, ಪ್ರತಿ ಕಳಿಸಿಲ್ಲ.