ಇನ್ಶಾಅಲ್ಲಾ ಇಲ್ಲದ ಒಂದು ವಾರ

ದೇವರು ಕೊಟ್ಟ ಸಣ್ಣಪುಟ್ಟ ಸುಖಗಳನ್ನು ಮರೆಯುವವಳಲ್ಲ ನಾನು. ಉಕ್ಕುವ ಮೊದಲೇ ಹಾಲಿನ ನೆನಪಾದರೆ ‘ಶುಕ್ರ್’ ಅನ್ನುತ್ತೇನೆ. ನಮಾಜಿನ ಹೊತ್ತಿಗೆ ಸರಿಯಾಗಿ ನಳದಲ್ಲಿ ನೀರು ಬಂದರೆ ಇನ್ನೊಮ್ಮೆ ಅನ್ನುತ್ತೇನೆ. ಮಲಗುವಾಗ ಮಾತ್ರ ನಾಲಿಗೆ ಸ್ವಲ್ಪ ತಡೆಯುತ್ತದೆ. ರಾಣೆಬೆನ್ನೂರಿನ ಅರ್ಧ ಊರನ್ನು ಮೆತ್ತಗೆ ಮಲಗಿಸಿದ ಗಾದಿ ಅಂಗಡಿಯವರ ಹೆಂಡತಿ ನಾನು. ನಮ್ಮ ಮನೆಯ ಗಾದಿಯೋ, ಹೆಂಟೆ ಒಡೆಯದ ಹೊಲ. ‘ಇದನ್ನೊಮ್ಮೆ ಬಿಚ್ಚಿ ಹತ್ತಿ ಹಿಂಜಿ ಕೊಡ್ರಿ’ ಎಂದಾಗಲೆಲ್ಲ ಇವರು ‘ಇನ್ಶಾಅಲ್ಲಾ’ ಅನ್ನುತ್ತಾರೆ.

ದೇವರು ಮನಸ್ಸು ಮಾಡಿದರೆ ಎಂಬ ಆ ಮಾತನ್ನು ನಾನು ಭಯಭಕ್ತಿಯಿಂದ ಹೇಳುವವಳು. ಇವರಿಗೆ ಅದೇ ಅಂಗಡಿಯ ಕ್ಯಾಲೆಂಡರ್. ಹಳೆಯ ಗಿರಾಕಿಗಳಿಗೆ ಅದನ್ನು ಓದುವುದು ಗೊತ್ತಿತ್ತು: ಮೇಲೆ ನೋಡಿ ಹೇಳಿದರೆ ನಾಡಿದ್ದು, ಹತ್ತಿಯ ಗುಡ್ಡೆ ನೋಡಿ ಹೇಳಿದರೆ ಮುಂದಿನ ವಾರ, ಹೇಳಿ ಕೆಮ್ಮಿದರೆ ಬೇರೆ ಅಂಗಡಿ ನೋಡಿಕೊಳ್ಳುವುದು ಕ್ಷೇಮ.

ಹೀಗಿರುವಾಗ, ಅಪ್ಪನ ಜೊತೆ ಅಂಗಡಿಯಲ್ಲಿ ಕೂರುವ ನಮ್ಮ ಮಗಳು ರೇಷ್ಮಾ ಹಾವೇರಿಯಲ್ಲಿ ಸಣ್ಣ ವ್ಯಾಪಾರಸ್ಥರ ತರಬೇತಿಗೆ ಹೋದಳು. ಹೋಗುವಾಗ ಬುತ್ತಿ ಒಯ್ದವಳು ಬರುವಾಗ ‘ಗುರಿ’ ತಂದಳು. ಬಂದವಳೇ ಅಪ್ಪನ ಮುಂದೆ ನಿಂತಳು.

“ಅಬ್ಬಾ, ಗುರಿ ಅಂದ್ರ ಅದಕ್ಕೊಂದು ದಿನಾ ಇರಬೇಕು. ಈ ವಾರ ಗಿರಾಕಿ ಮುಂದ ನೀವು ಇನ್ಶಾಅಲ್ಲಾ ಅನ್ನಂಗಿಲ್ಲ.”

“ತೋಬಾ! ದೇವರನ್ನ ಬಿಟ್ಟು ವ್ಯಾಪಾರ ಮಾಡು ಅಂತೀ ಏನು?”

“ಮನಸಿನ್ಯಾಗ ಅನ್ರಿ. ಬಾಯಾಗ ತಾರೀಖು ಹೇಳ್ರಿ.”

ಇವರು ಬೆಂಬಲಕ್ಕಾಗಿ ನನ್ನ ಕಡೆ ನೋಡಿದರು. ನಾನು ರೊಟ್ಟಿ ಬಡಿಯುವ ಸದ್ದು ಜೋರು ಮಾಡಿದೆ. ತಡವಾದ ಗಾದಿಗೆಲ್ಲ ಅಲ್ಲಾಹನ ಹೆಸರು ಮುಂದೆ ಮಾಡುವುದು ನನಗೂ ಸಾಕಾಗಿತ್ತು.

ಎರಡನೆಯ ದಿನವೇ ಬ್ಯಾಡಗಿಯ ಗಿರಿಜಕ್ಕ ಬಂದಳು. ಮೆಣಸಿನಕಾಯಿ ವ್ಯಾಪಾರದ ಮನೆ. ಅವಳು ಒಳಗೆ ಕಾಲಿಟ್ಟರೆ ಹಿಂದೆಯೇ ನಮಗೆಲ್ಲ ಸೀನು. ಅವರ ಓಣಿಯ ಮದುವೆಯ ಗಾದಿಗಳೆಲ್ಲ ಅವಳ ಮಾತಿನ ಮೇಲೆಯೇ ನಮಗೆ ಬರುವುದು. ಅವಳು ಕೈಬಿಟ್ಟರೆ ಓಣಿಯೇ ಕೈಬಿಟ್ಟಂತೆ. ಇವರ ಊಟ ತಂದಿದ್ದ ನಾನು ಅಲ್ಲೇ ನಿಂತೆ.

“ಚಾಚಾ, ಸಣ್ಣಾಕಿ ಲಗ್ನ ಐತ್ರಿ. ಜೋಡಿ ಗಾದಿ ಬೇಕು, ಬೀಗರಿಗೆ ಹಾಸಾಕ ಮತ್ತ ಎಂಟು. ಶುಕ್ರವಾರ ಕೊಡಬೇಕ್ರಿ.”

ಇವರ ಬಾಯಿ ತೆರೆಯಿತು. ‘ಇ’ ಅನ್ನುವಷ್ಟರಲ್ಲಿ ರೇಷ್ಮಾ ಅಳತೆಕೋಲಿನಿಂದ ಮೇಜು ಕುಟ್ಟಿದಳು. ಬಾಯಿ ಮುಚ್ಚಿತು. ಗಿರಿಜಕ್ಕ ಗಾಬರಿಯಾದಳು.

“ಯಾಕ್ರಿ ಚಾಚಾ, ಇನ್ಶಾಅಲ್ಲಾ ಅನ್ನವಲ್ರಿ? ನನ್ನ ಗಾದಿ ಆಗೂದಿಲ್ಲೇನ್ರಿ?”

ಇವರು ಹತ್ತಿ ನೋಡಿದರು, ಹಿಂಜುವ ಮಷೀನು ನೋಡಿದರು, ತಮ್ಮ ನೋಯುವ ಮೊಣಕಾಲನ್ನೂ ನೋಡಿಕೊಂಡರು. ಮದುವೆಯಾದಾಗಿನಿಂದ ನಾನು ಕೇಳದ ಮಾತು ಆಗ ಬಂತು: “ಶುಕ್ರವಾರ ಆಗೂದಿಲ್ಲವ್ವಾ. ರವಿವಾರ ಸಂಜೀಕ ಕೊಡ್ತೇನಿ.”

ನಾನು ಸೆರಗಿನೊಳಗೇ ದುವಾಕ್ಕೆ ಕೈ ಒಡ್ಡಿದೆ. ಗಿರಿಜಕ್ಕ ಕಣ್ಣು ಬಿಟ್ಟು ನೋಡಿದವಳು, ಪಕ್ಕದ ತಲೆದಿಂಬಿಗೆ ಬಡಿದು ಬಡಿದು ನಕ್ಕಳು.

“ಲಗ್ನ ಇರೂದು ಅದರ ಮುಂದಿನ ಶುಕ್ರವಾರ್ರಿ! ನಿಮ್ಮ ಇನ್ಶಾಅಲ್ಲಾಕ್ಕಂತ ಪ್ರತಿ ಸಲ ಒಂದು ವಾರ ಮೊದ್ಲ ಹೇಳ್ತೇನಿ. ನಮ್ಮ ಓಣ್ಯಾಗ ಎಲ್ಲಾರೂ ಹಂಗ ಹೇಳ್ತಾರ.”

ಅಂದರೆ ನಮ್ಮ ಅಂಗಡಿಗೆ ಯೋಜನೆ ಇರಲಿಲ್ಲ ಎಂಬುದು ಸುಳ್ಳು. ಇತ್ತು, ಬ್ಯಾಡಗಿಯವರು ಹಾಕಿಟ್ಟಿದ್ದರು.

“ಆದ್ರ ರವಿವಾರ ಅಂದ್ರ ರವಿವಾರ,” ಅವಳು ಎದ್ದು ನಿಂತಳು. “ಈ ಸಲ ನೀವು ಇನ್ಶಾಅಲ್ಲಾ ಅಂದಿಲ್ಲ. ದೇವರ ಮ್ಯಾಲ ಹಾಕಾಕ ಬರೂದಿಲ್ಲ. ತಪ್ಪಿದ್ರ ನಮ್ಮ ಓಣಿ ಮರತ ಬಿಡ್ರಿ.”

ಆ ವಾರ ನಾನೂ ದಬ್ಬಣ ಹಿಡಿದು ಕುಳಿತೆ. ಇವರ ಗಡ್ಡದಲ್ಲಿ ಹತ್ತಿ, ಸಾರಿನಲ್ಲಿ ಹತ್ತಿ. ರವಿವಾರ ಸಂಜೆ ಮಗ್ರಿಬ್ ಅಜಾನ್ ಕೇಳುವ ಹೊತ್ತಿಗೆ ಟೆಂಪೋಗೆ ಕೊನೆಯ ಹಗ್ಗ ಬಿತ್ತು. “ಸುರಕ್ಷಿತ ಮುಟ್ಟಲಿ, ಇನ್ಶಾಅಲ್ಲಾ” ಎಂದು ಇವರು ಎದೆ ತುಂಬಿ ಅಂದರು. ರೇಷ್ಮಾ ಅಳತೆಕೋಲು ಮುಟ್ಟಲಿಲ್ಲ. ನನಗೂ ಕಣ್ಣು ತೇವವಾಯಿತು. ಹತ್ತಿ ಬಿದ್ದಿತ್ತೋ ಏನೋ.

ಮರುದಿನ ಮುಂಜಾನೆ ಬೆನ್ನು ಹಿಡಿದುಕೊಂಡು ಎದ್ದವಳೇ ಕೇಳಿದೆ: “ಈಗರ ನಮ್ಮ ಮನಿ ಗಾದಿ?”

ಇವರು ಸುತ್ತ ನೋಡಿದರು. ರೇಷ್ಮಾ ಇರಲಿಲ್ಲ. “ಇನ್ಶಾಅಲ್ಲಾ,” ಎಂದು ಕೆಮ್ಮಿದರು.

“ಬುಧವಾರ ನಮ್ಮ ಅಣ್ಣ ಬರ್ತಾನ. ಇದರ ಮ್ಯಾಲ ಮಲಗಸ್ತೀರೇನು ಅವನ್ನ?” ಅಂದೆ. ಇವರು ಗಡಬಡಿಸಿ ಗಾದಿಯ ಹೊಲಿಗೆ ಬಿಚ್ಚತೊಡಗಿದರು.

ಅಣ್ಣ ಬರುವುದು ಮುಂದಿನ ತಿಂಗಳು. ಐದು ಹೊತ್ತು ನಮಾಜು ಮಾಡುವವಳು ಹೀಗೆ ಸುಳ್ಳು ಹೇಳಬಹುದೇ ಎಂದು ನೀವು ಕೇಳಬಹುದು. ಇದು ಸುಳ್ಳಲ್ಲ, ಯೋಜನೆ. ಅಲ್ಲಾಹ್ ಮಾಫ್ ಮಾಡುತ್ತಾನೆ, ಇನ್ಶಾಅಲ್ಲಾ. ಮೇಲೆ ನೋಡಿಯೇ ಹೇಳುತ್ತಿದ್ದೇನೆ; ಕೆಮ್ಮಿಲ್ಲ.