ರುಮಾಲಿನ ತಲೆಗೆ ಹೆಡ್‌ಫೋನು

ನಮ್ಮ ಸೋದರಮಾವನಿಗೆ ಕಿವಿ ಮಂದ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅವನ ಕಿವಿಗೆ ಏನೂ ಆಗಿಲ್ಲ. ಕೆಟ್ಟಿರುವುದು ಲೋಕದ ಗಂಟಲು! ಇದು ಅವನದೇ ಸಂಶೋಧನೆ. "ರೊಟ್ಟಿ ಬಿಟ್ಟು ಬರೇ ಅನ್ನ ಉಂಡು ಉಂಡು ಈಗಿನ ಮಂದಿಗೆ ದನಿನ ಇಲ್ಲದಂಗ ಆಗೈತಿ" ಎಂದು ಅವನು ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಿದರೆ, ಚಿತ್ರದುರ್ಗದ ಬಸ್ಸಿನ ಕಿಟಕಿಗೆ ಒರಗಿ ನಿದ್ದೆ ಹೋದವರೂ ಎದ್ದು ಕೂರುತ್ತಾರೆ.

ಇಷ್ಟು ವರ್ಷ ಇದು ಹೇಗೆ ಮುಚ್ಚಿಕೊಂಡಿತ್ತು ಅಂತೀರಾ? ಅವನದು ಕುರಿ ವ್ಯಾಪಾರ. ಸಂತೆಯಲ್ಲಿ ದರ ಮಾಡುವುದು ಬಾಯಿಂದಲ್ಲ. ಕೈ ಮೇಲೆ ಟವೆಲ್ ಮುಚ್ಚಿಕೊಂಡು, ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಗುಟ್ಟಾಗಿ ದರ ತಿಳಿಸುತ್ತಾರೆ. ಅಲ್ಲಿ ಕಿವಿಗೇನು ಕೆಲಸ! ಅವನ ಗುಟ್ಟು ರಟ್ಟು ಮಾಡಿದ್ದು ಮನೆಯ ಟಿವಿ. ಸಂಜೆ ಅವನು ಧಾರಾವಾಹಿ ಹಚ್ಚಿದನೆಂದರೆ ಓಣಿಯ ನಾಯಿಗಳು ಊರ ಹೊರಗೆ ಹೋಗುತ್ತಿದ್ದವು. ಎದುರು ಮನೆಯಾಕೆ ತನ್ನ ಟಿವಿಯನ್ನು ಸೀರೆ, ಒಡವೆ ನೋಡಲು ಮಾತ್ರ ಹಚ್ಚುತ್ತಿದ್ದಳು. ಮಾತೆಲ್ಲ ನಮ್ಮ ಮಾವನ ಮನೆಯಿಂದ ಪುಕ್ಕಟೆ ಬರುತ್ತಿತ್ತು.

ಪಾಡು ಪಟ್ಟವಳು ಅತ್ತೆ. ಮೊದಮೊದಲು ಕಿವಿಗೆ ಹತ್ತಿ ತುರುಕಿಕೊಂಡು ಕೂತು ನೋಡಿದಳು. ತಲೆಶೂಲೆ ತಡೆಯಲಾರದೆ, ಮೆಂತ್ಯ ಸೊಪ್ಪು ಬಿಡಿಸುವ ತಟ್ಟೆ ಹಿಡಿದು ಪಕ್ಕದ ಮನೆಗೆ ಹೋಗತೊಡಗಿದಳು. ಗಂಡ ಹೆಂಡತಿ ಇಬ್ಬರೂ ದಿನವಿಡೀ ದುಡಿದು, ಜೋಡಿಯಾಗಿ ಕೂರುತ್ತಿದ್ದುದು ಆ ಒಂದು ಹೊತ್ತು ಮಾತ್ರ. ಒಮ್ಮೆ ಹರಪನಹಳ್ಳಿಯಿಂದ ನಾನು ಹೋದಾಗ ಮಾವ ಒಬ್ಬನೇ ಕೂತಿದ್ದ. ಟಿವಿಯಲ್ಲಿ ಸೊಸೆ ಏನೋ ಕಿತಾಪತಿ ಮಾಡಿದ್ದೇ ತಡ, "ನೋಡಿದೇನ ಇಕಿ ಆಟನ?" ಎಂದು ಪಕ್ಕದ ಕುರ್ಚಿಯ ಕಡೆ ತಿರುಗಿದ. ಕುರ್ಚಿ ಖಾಲಿ.

"ನಿಮ್ಮತ್ತಿ ಬಂದು ಇಲ್ಲಿ ಕುಂದ್ರಂಗ ಆಗ್ಬೇಕವ್ವ. ಏನರ ಮಾಡು" ಎಂದ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

ಡಾಕ್ಟರು ಕೊಟ್ಟ ಕಿವಿ ಮಷಿನ್ ಇತ್ತೇನೋ ಇತ್ತು. ಬಿದ್ದು ಕಳೆದುಹೋದೀತೆಂದು ಅದನ್ನು ಅಂಗಿಯ ಒಳಜೇಬಿನಲ್ಲಿ ಭದ್ರವಾಗಿಟ್ಟು, ಗುಂಡಿ ಹಾಕಿಕೊಂಡು ತಿರುಗುತ್ತಿದ್ದ! ಅವನಿಗೆ ತಿಳಿಸಿ ಹೇಳುವ ತಾಳ್ಮೆ ನನಗೆ ದೇವರು ಕೊಟ್ಟಿಲ್ಲ. ಫೋನಿನಲ್ಲಿ ಹುಡುಕಿ, ಚಂದ ಕಂಡ ಒಂದು ಬ್ಲೂಟೂತ್ ಹೆಡ್‌ಫೋನ್ ತರಿಸಿಬಿಟ್ಟೆ. ಓದಿದವಳು ನಾನು, ಯಾರನ್ನು ಕೇಳಬೇಕಿತ್ತು?

ಮೊದಲ ತಕರಾರು ತೆಗೆದದ್ದು ಅವನ ರುಮಾಲು. ಜಳಕಕ್ಕೆ, ನಿದ್ದೆಗೆ ಬಿಟ್ಟರೆ ಅದು ತಲೆಯಿಂದ ಇಳಿಯುವುದಿಲ್ಲ. ಬರಿದಲೆಯಲ್ಲಿ ನಾಲ್ಕು ಮಂದಿಯ ಎದುರು ಕೂರುವುದುಂಟೇ? ರುಮಾಲಿನ ಮೇಲೆ ಹಾಕಿದರೆ ಹೆಡ್‌ಫೋನು ಕಿವಿಯ ತನಕ ಬರಲೊಲ್ಲದು. ಕಡೆಗೆ ಹೆಡ್‌ಫೋನ್ ಹಾಕಿಕೊಂಡು ಅದರ ಮೇಲೆ ಬ್ಯಾಂಡೇಜಿನ ಹಾಗೆ ರುಮಾಲು ಸುತ್ತಿದ. ಬಂದವರೆಲ್ಲ ಎಲ್ಲಿ ಬಿದ್ದಿರಿ, ಎಷ್ಟು ಹೊಲಿಗೆ ಹಾಕಿದರು ಎಂದು ವಿಚಾರಿಸಿ, ಮೋಸಂಬಿ ಕೊಟ್ಟು ಹೋದರು. ಮಾವ ಮೋಸಂಬಿಗೆ ಬೇಡ ಎನ್ನಲಿಲ್ಲ.

ಎರಡನೆಯದು ಇನ್ನೂ ಚಂದ. ತೆರೆಯ ಮೇಲೆ ಬಾಯಿ ಮೊದಲು ಆಡುತ್ತಿತ್ತು, ಮಾತು ಆಮೇಲೆ ಬರುತ್ತಿತ್ತು. "ಇವರು ಈ ಬಸ್ಸಿಗೆ ಬಂದಾರ, ಇವರ ಮಾತು ಹಿಂದಿನ ಬಸ್ಸಿಗೆ ಬರಾಕ ಹತ್ತೈತಿ" ಎಂದ ಮಾವ. ಆದರೂ ಓಣಿಯೆಲ್ಲ ತಣ್ಣಗಾಗಿದ್ದು ಕಂಡು ಅತ್ತೆ ತಟ್ಟೆಯೊಂದಿಗೆ ಖುಷಿಯಿಂದ ಬಂದು ಕೂತಳು. ಟಿವಿ ಮೂಕ! ಅವನ ಕಿವಿಗೆ ಹೋದ ಶಬ್ದ ಟಿವಿಯಿಂದ ಹೊರಗೆ ಬರುವುದೇ ಇಲ್ಲ ಎಂಬುದು ಈ ಓದಿದವಳಿಗೆ ಹೊಳೆದಿರಲೇ ಇಲ್ಲ. ಪಕ್ಕದಲ್ಲಿ ಗಂಡ ತನ್ನಷ್ಟಕ್ಕೆ ನಗುತ್ತಾನೆ, ತೊಡೆ ತಟ್ಟುತ್ತಾನೆ, ಕಣ್ಣು ಒರೆಸಿಕೊಳ್ಳುತ್ತಾನೆ. ಅತ್ತೆ ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಇದಕ್ಕಿಂತ ಗದ್ದಲವೇ ಚಲೋ ಇತ್ತು ಎಂದು ತಟ್ಟೆ ಎತ್ತಿಕೊಂಡು ಮತ್ತೆ ಪಕ್ಕದ ಮನೆಗೆ ನಡೆದಳು. ಮಾವ ಹೆಡ್‌ಫೋನ್ ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡ.

ಈ ಸಲ ಅವನನ್ನೇ ಹೊಸಪೇಟೆಯ ಅಂಗಡಿಗೆ ಕರೆದುಕೊಂಡು ಹೋದೆ. ಇವರಿಗೆ ರುಮಾಲು ಇದೆ, ಬಾಯಿ ಮಾತು ಜೊತೆಗೇ ಬರಬೇಕು, ಮನೆಯವರಿಗೂ ಟಿವಿ ಕೇಳಿಸಬೇಕು ಎಂದೆ. ಅಂಗಡಿಯವನು ಒಳಗಿನಿಂದ ಬೇರೆಯೇ ಒಂದನ್ನು ತಂದ. ಡಾಕ್ಟರ ಕೊರಳಿನ ಕೊಳವೆಯ ಹಾಗೆ ಗದ್ದದ ಕೆಳಗೆ ಇಳಿಬಿದ್ದು, ಎರಡು ತುದಿ ಕಿವಿಗೆ ಹೋಗುವಂಥದ್ದು. ಟಿವಿಗೆ ಸಿಕ್ಕಿಸಲು ಪುಟ್ಟ ಡಬ್ಬಿ. ರಾತ್ರಿ ಅದರ ಮೇಲೇ ಇಟ್ಟರೆ ಚಾರ್ಜ್ ಆಗುತ್ತದೆ. ಟಿವಿಯ ಸದ್ದು ಟಿವಿಗೆ, ಅವನ ಸದ್ದು ಅವನಿಗೆ. ಮಾವ ಅದನ್ನು ಅಂಗೈಯಲ್ಲಿ ತೂಗಿದ, ಹಿಚುಕಿದ, ತಿರುವಿ ಹಾಕಿದ. ಕುರಿಯಾಗಿದ್ದರೆ ಹಲ್ಲನ್ನೂ ಎಣಿಸುತ್ತಿದ್ದ. ಮೆಚ್ಚಿಗೆಯಾಯಿತು. ಹೆಗಲ ಟವೆಲ್ ತೆಗೆದು ಅಂಗಡಿಯವನ ಕೈ ಮೇಲೆ ಹೊದಿಸಿ ಬೆರಳು ಹಿಡಿದೇಬಿಟ್ಟ! ಪ್ಯಾಂಟು ಶರಟಿನ ಆ ಮನುಷ್ಯ ಬೆಚ್ಚಿ ನನ್ನ ಕಡೆ ತಿರುಗಿ, "ಯಜಮಾನ್ರು ನಾಡಿ ನೋಡ್ತಾರೇನ್ರಿ?" ಎಂದ. ನಾನು ಬಾಗಿಲ ಕಡೆ ನೋಡಿದೆ.

ಮನೆಗೆ ತಂದು ಜೋಡಿಸಿದೆವು. ಮಾವನ ಹೊಸ ಡಾಕ್ಟರ ವೇಷ ನೋಡಿ ಎದುರು ಮನೆಯಾಕೆ ಸೊಂಟನೋವಿಗೆ ಗುಳಿಗೆ ಕೇಳಿ ಹೋದಳು. ಸಂಜೆ ಧಾರಾವಾಹಿ ಶುರುವಾಯಿತು. ಬಾಯಿಯೂ ಮಾತೂ ಜೊತೆಗೇ ಬಂದವು. ಅತ್ತೆ ಬಾಗಿಲಲ್ಲಿ ನಿಂತು ಆಲಿಸಿದಳು. ಟಿವಿ ತನ್ನ ಪಾಡಿಗೆ ಮೆಲ್ಲಗೆ ಮಾತಾಡುತ್ತಿತ್ತು. ಇದೂ ಎಷ್ಟು ದಿನದ್ದೋ ಎಂಬ ಮುಖ ಮಾಡಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತಳು.

ಆ ಯಂತ್ರದಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಟಿವಿ ಬಿಟ್ಟು, ಹತ್ತಿರ ಕೂತವರ ಮಾತು ಕಿವಿಗೆ ಬರುತ್ತದೆ. ಜಾಹೀರಾತು ಬಂದಾಗ ಅದನ್ನು ಮಾವನಿಗೆ ಒತ್ತಿ ತೋರಿಸಿದೆ. ಅತ್ತೆಗೆ ಅದೆಲ್ಲ ಎಲ್ಲಿ ಗೊತ್ತು? ಸೊಪ್ಪು ಬಿಡಿಸುತ್ತ ತನ್ನಷ್ಟಕ್ಕೆ, "ಹೊಸಪೇಟಿಗೆ ಹೋಗಿ ಭಾಳ ದಣದಾರ ಪಾಪ. ಒಂದೀಟು ಚಾ ಮಾಡಿಕೊಡಬೇಕು" ಎಂದುಕೊಂಡಳು.

ಮಾವ ಸರಕ್ಕನೆ ತಿರುಗಿದ. "ಚಾ ಇರ್ಲಿ. ಇನ್ನೊಮ್ಮೆ ಅನ್ನು."

"ಏನ ಅನ್ಲಿ?"

"ಏನರ ಅನ್ನು. ನಿನ್ನ ದನಿ ಹಿಂಗೈತಿ ಅನ್ನೋದ ಮರತ ಹೋಗಿತ್ತು ನನಗ."

ಅತ್ತೆಯ ಕೈಯಲ್ಲಿದ್ದ ಸೊಪ್ಪು ಅಲ್ಲೇ ನಿಂತಿತು. ಎಷ್ಟು ವರ್ಷಗಳಿಂದ ಅವಳು ಅವನೊಂದಿಗೆ ಕೂಗಿಯೇ ಮಾತಾಡಿದ್ದಳು! ಊಟಕ್ಕೆ ಬರ್ರಿ ಎಂದರೂ ಜಗಳ, ಜ್ವರ ಬಂದಿದೆಯೇ ಎಂದರೂ ಜಗಳದ ಹಾಗೆ ಕೇಳಿಸುತ್ತಿತ್ತು. ಅಕ್ಕರೆಯ ಮಾತನ್ನು ಓಣಿಗೆಲ್ಲ ಕೇಳುವಂತೆ ಕಿರುಚುವುದು ಹೇಗೆ, ನೀವೇ ಹೇಳಿ? ಅದಕ್ಕೇ ಅಂಥ ಮಾತನ್ನು ಅವಳು ಸೊಪ್ಪಿನ ಮುಂದೆ, ಒಲೆಯ ಮುಂದೆ ಆಡಿಕೊಂಡು ಮುಗಿಸುತ್ತಿದ್ದಳು.

ಜಾಹೀರಾತು ಮುಗಿಯಿತು. ಟಿವಿಯಲ್ಲಿ ಸೊಸೆ ಏನು ಮಾಡಿದಳೋ, ಇಬ್ಬರೂ ಆ ಕಡೆ ನೋಡಲಿಲ್ಲ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಕುರ್ಚಿ ಹತ್ತಿರ ಎಳೆದುಕೊಂಡು, ಮಾವನ ಕಡೆ ಬಾಗಿ ಏನೋ ಹೇಳಿದಳು. ಮೊಳದ ದೂರದಲ್ಲಿ ಕೂತಿದ್ದ ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಮಾವನಿಗೆ ಕೇಳಿಸಿತು.