ಎರಡು ಸರ್ಕಾರ, ಒಂದು ಡಬ್ಬಿ

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಓಟಿಸ್ ಲಾಡ್ನಿಯರ್ ಅವರ ಡೀಪ್ ಫ್ರೀಜರಿನ ತಳದಲ್ಲಿ ಒಂದು ಐಸ್‌ಕ್ರೀಮ್ ಡಬ್ಬಿ ಇದೆ. ಅದರಲ್ಲಿ ಐಸ್‌ಕ್ರೀಮ್ ಇಲ್ಲ.

ಇರುವುದು ಗಂಬೋ, ಅಂದರೆ ಏಡಿ ಹಾಕಿದ ಗಟ್ಟಿ ಸಾರು. ಮುಚ್ಚಳದ ಮೇಲೆ ‘ಗಂಬೋ’ ಎಂದು ಹೆಂಡತಿ ವರ್ನೀಸಳ ಓರೆ ಅಕ್ಷರ. ಅವಳು ತೀರಿಕೊಂಡು ವರ್ಷವಾಯಿತು. ಅವಳ ಕೈಯಡಿಗೆಯಲ್ಲಿ ಭೂಮಿಯ ಮೇಲೆ ಉಳಿದಿರುವುದು ಇದೊಂದೇ. ಈಗ ಚಂಡಮಾರುತ ಬರುತ್ತಿದೆ. ಕರೆಂಟು ಹೋದರೆ ಡಬ್ಬಿಯೂ ಹೋಯಿತು. ಓಟಿಸ್ ಜನರೇಟರಿಗೆ ಪೆಟ್ರೋಲು ತುಂಬಿ ಕಾವಲು ಕೂತ.

ಆ ಮನೆಯ ಕತೆಯೇ ಬೇರೆ. ಓಟಿಸ್ ಅಲಬಾಮಾದವನು, ವರ್ನೀಸ್ ಮಿಸಿಸಿಪ್ಪಿಯವಳು. ಇಬ್ಬರೂ ತಂತಮ್ಮ ರಾಜ್ಯ ಬಿಡುವುದಿಲ್ಲವೆಂದು ಹಟ ಹಿಡಿದಿದ್ದರಿಂದ ಗಡಿಯ ಮೇಲೇ ಮನೆ ಕಟ್ಟಿದರು. ನಡುಮನೆ ಅಲಬಾಮಾ, ಅಡಿಗೆಮನೆ ಮಿಸಿಸಿಪ್ಪಿ, ನಡುವೆ ನೆಲದ ಮೇಲೊಂದು ಕೆಂಪು ಗೆರೆ. ಜಗಳವಾದಾಗೆಲ್ಲ ವರ್ನೀಸ್, “ನಾನು ತವರಿಗೆ ಹೋಗ್ತೀನಿ!” ಎಂದು ಮೂರು ಹೆಜ್ಜೆ ನಡೆದು ಒಲೆ ಹಚ್ಚುತ್ತಿದ್ದಳು. ಓಟಿಸ್ ಗೆರೆಯ ಈಚೆ ತಟ್ಟೆ ಹಿಡಿದು ನಿಂತು ವಿದೇಶಿ ನೆರವು ಬೇಡುತ್ತಿದ್ದ.

ಬೆಳಿಗ್ಗೆ ಮುಂಬಾಗಿಲಿಗೆ ಸಾರ್ಜೆಂಟ್ ಡ್ಯೂಯಿಟ್ ಬಂದ. ವಾರವೆಲ್ಲ ಶಾಲೆ ಬಸ್ಸು ಓಡಿಸಿ, ಗವರ್ನರ್ ಕರೆದಾಗ ಮಾತ್ರ ನ್ಯಾಷನಲ್ ಗಾರ್ಡಿನ ಸೈನಿಕನಾಗುವವನು.

“ಮಿಸ್ಟರ್ ಓಟಿಸ್, ಏಳಿ. ಊರು ಖಾಲಿ ಮಾಡ್ಬೇಕು. ಗವರ್ನರ್ ಆರ್ಡರ್.”

“ಯಾವ ಗವರ್ನರ್?”

“ಅಲಬಾಮಾದೋರು.”

ಓಟಿಸ್ ಎದ್ದು ಗೆರೆ ದಾಟಿದ. “ನಿನ್ನ ಗವರ್ನರ್ ಮಾತು ಈ ಗೆರೆ ತನಕ ಕಣಪ್ಪ. ಸಂವಿಧಾನ ಓದಿದೀಯಾ?”

“ನಾನು ಬಸ್ ಓಡ್ಸೋನು ಸಾರ್.”

ಹಿತ್ತಿಲಾಚೆ ಮನೆಯ ಮಿಸ್ ಅರ್ಲೀನ್ ಅಡಿಗೆಮನೆ ಕಿಟಕಿಯಲ್ಲಿ ಮುಖ ತೂರಿಸಿದಳು. “ಒಂದು ಡಬ್ಬಿಗೋಸ್ಕರ ಸಾಯ್ತೀಯೇನೋ ಮುದುಕ? ಬಾ, ಶಿಬಿರದಲ್ಲಿ ನನ್ನ ಗಂಬೋನೇ ಮಾಡಿ ಹಾಕ್ತೀನಿ.”

“ನಿನ್ನ ಗಂಬೋಗಿಂತ ಬಿರುಗಾಳಿ ವಾಸಿ!”

“ವರ್ನೀಸ್ ಒಂದಿನಾನೂ ಹಂಗಂದಿರ್ಲಿಲ್ಲ!”

ಮಧ್ಯಾಹ್ನ ಮಿಸಿಸಿಪ್ಪಿಯ ಗವರ್ನರೂ ಆಜ್ಞೆ ಹೊರಡಿಸಿದರು. ಹಿತ್ತಿಲ ಬಾಗಿಲಿನಿಂದ ಆ ರಾಜ್ಯದ ಸಾರ್ಜೆಂಟ್ ನೆಕೇಸ್ ಎಂಬಾಕೆ ಒಳಬಂದಳು. ಓಟಿಸ್ ಕುರ್ಚಿ ಎಳೆದು ಸರಿಯಾಗಿ ಗೆರೆಯ ಮೇಲೆ ಹಾಕಿ, ಅತ್ತೊಂದು ಇತ್ತೊಂದು ಕಾಲಿಟ್ಟು ಕೂತ.

“ಎಡಗಾಲು ನಂದು,” ಎಂದ ಡ್ಯೂಯಿಟ್.

“ಬಲಗಾಲು ನಂದು. ಆದ್ರೆ ಅರ್ಧ ಮನುಷ್ಯನ್ನ ಖಾಲಿ ಮಾಡ್ಸೋಕೆ ನಂಗೆ ಆರ್ಡರ್ ಇಲ್ಲಪ್ಪ,” ಎಂದಳು ನೆಕೇಸ್.

ಎರಡೂ ರಾಜಧಾನಿಗಳಿಗೆ ಫೋನು ಹೋಯಿತು. ಅವರು ಒಪ್ಪಿದರೆ ನಾವೂ ಒಪ್ಪುತ್ತೇವೆ ಎಂದು ಎರಡೂ ಕಡೆಯಿಂದ ಉತ್ತರ ಬಂತು. ಓಟಿಸ್ ಸಿಂಹಾಸನವೇರಿದ ರಾಜನಂತೆ ಮೀಸೆ ತಿರುವಿದ.

“ಅವನ ಕಾಲು ಬಿಡ್ರಮ್ಮ!” ಕಿಟಕಿಯಿಂದ ಅರ್ಲೀನ್ ಕಿರುಚಿದಳು. “ಫ್ರೀಜರಿನ ನಾಲ್ಕೂ ಕಾಲು ಯಾವ ರಾಜ್ಯದಲ್ಲಿವೆ ನೋಡಿ!”

ನೆಕೇಸ್ ನೋಡಿದಳು. ನಾಲ್ಕೂ ಮಿಸಿಸಿಪ್ಪಿಯಲ್ಲಿದ್ದವು. ಆಜ್ಞೆಯ ಕೊನೆಯ ಪುಟ ತಿರುವಿ ಓದಿದಳು: “ತುರ್ತು ಸಂದರ್ಭದಲ್ಲಿ ಬೇಕಾದ ಸಾಮಾನನ್ನ ರಾಜ್ಯ ವಶಕ್ಕೆ ತಗೋಬಹುದು. ಶಿಬಿರಕ್ಕೊಂದು ಫ್ರೀಜರ್ ಬೇಕಾಗಿತ್ತು. ಎತ್ರೋ!”

ಅವಳ ಜೊತೆ ಬಂದು ಹಿತ್ತಿಲಲ್ಲಿ ಕಾಯುತ್ತಿದ್ದ ನಾಲ್ವರು ಸೈನಿಕರು ಎತ್ತಿದರು. ಗಂಡನ ಮನೆಗೆ ಹೊರಟ ಮಗಳ ಹಿಂದೆ ಓಡುವ ಅಪ್ಪನಂತೆ ಓಟಿಸ್ ಎರಡೂ ಕಾಲು ಎತ್ತಿಕೊಂಡು ಓಡಿ ಲಾರಿ ಹತ್ತಿದ.

ರಸ್ತೆಯುದ್ದಕ್ಕೂ ವಾಹನಗಳ ಸಾಲು. ಶಿಬಿರವಾಗಿದ್ದ ಶಾಲೆ ತಲುಪುವಷ್ಟರಲ್ಲಿ ಸಂಜೆ, ಡಬ್ಬಿ ಬೆವರುತ್ತಿತ್ತು. ಅಷ್ಟರಲ್ಲಿ ರೇಡಿಯೋ ಹೇಳಿತು: ಚಂಡಮಾರುತ ದಿಕ್ಕು ಬದಲಿಸಿದೆ, ಗಡಿಯ ಊರುಗಳಲ್ಲಿ ಕರೆಂಟು ಒಂದು ಕ್ಷಣವೂ ಹೋಗಿಲ್ಲ.

“ಕರಗಿದ್ದನ್ನ ಮತ್ತೆ ಇಡೋ ಹಾಗಿಲ್ಲ ಕಣೋ,” ಎಂದಳು ಅದೇ ಲಾರಿಯಲ್ಲಿ ಬಂದಿದ್ದ ಅರ್ಲೀನ್, ಮೊದಲ ಸಲ ಮೆತ್ತಗೆ. “ತಿಂದ್ಬಿಡೋಣ. ಅವಳಿಗೂ ಅದೇ ಇಷ್ಟ ಆಗ್ತಿತ್ತು.”

ಓಟಿಸ್ ಶಾಲೆಯ ಅಡಿಗೆಮನೆಯಲ್ಲಿ ಪಾತ್ರೆಯ ಮೇಲೆ ಡಬ್ಬಿ ಬೋರಲು ಹಾಕಿ ತಳ ತಟ್ಟಿದ. ತಳಕ್ಕೊಂದು ಪಟ್ಟಿ ಅಂಟಿಸಿತ್ತು. ಅದೇ ಓರೆ ಅಕ್ಷರ: ‘ಅರ್ಲೀನ್ ಕೊಟ್ಟಿದ್ದು. ನಾಯಿಗೆ.’

ಪಟ್ಟಿ ಕಿತ್ತು ಜೇಬಿನಲ್ಲಿಟ್ಟುಕೊಂಡ. ಎಷ್ಟಾದರೂ ಅವಳ ಅಕ್ಷರ.

ಬಿಸಿಯಾದ ಮೇಲೆ ಪಾತ್ರೆಯನ್ನು ಜನ ತಂಗಿದ್ದ ಆಟದ ಕೋಣೆಗೆ ತಂದರು. ಅರ್ಲೀನ್ ಒಂದು ಚಮಚ ಬಾಯಿಗಿಟ್ಟಳು. ಕಣ್ಣು ತುಂಬಿತು. “ಅಯ್ಯೋ ವರ್ನೀಸ್! ಎಂಥಾ ಕೈ ಕಣೋ ಅವಳ್ದು! ನಲವತ್ತು ವರ್ಷ ಒದ್ದಾಡಿದ್ರೂ ನಂಗೆ ಈ ರುಚಿ ಬರ್ಲಿಲ್ಲ. ತಿನ್ನು, ತಿನ್ನು. ಇನ್ನೊಂದು ಸೌಟು ಹಾಕ್ಲಾ?”

ಓಟಿಸ್ ಸುತ್ತ ನೋಡಿದ. ಆಟದ ಕೋಣೆಯ ನೆಲದ ತುಂಬ ಬ್ಯಾಸ್ಕೆಟ್‌ಬಾಲ್ ಗೆರೆಗಳಿದ್ದವು. ದಾಟಿ ತಪ್ಪಿಸಿಕೊಳ್ಳುವಂಥದು ಒಂದೂ ಇರಲಿಲ್ಲ. ತಟ್ಟೆ ಮುಂದೆ ಹಿಡಿದ.